ಸಾಕ್ಷಿ ಎಲ್ಲೈತೆ ಗುರು?

ದಸರಾ ರಜೆ ಮುಗಿದು ಕಾಲೇಜು ಶುರುವಾದ ಮೇಲೆ ನಮ್ಮ ತರಗತಿಯಲ್ಲಿ ಅತಿ ಹೆಚ್ಚು ಜಗಳವಾದದ್ದು ಕ್ರಿಕೆಟ್ ಬಗ್ಗೆಯೂ ಅಲ್ಲ, ಪರೀಕ್ಷೆಯ ಅಂಕಗಳ ಬಗ್ಗೆಯೂ ಅಲ್ಲ. ಅಂತರಿಕ್ಷದಲ್ಲಿ ನಡೆದ ಒಂದು ಕೊಲೆಯ ಬಗ್ಗೆ. ಅದೂ ನಾವು ಯಾರೂ ಹುಟ್ಟುವ ಮೊದಲು, 1990ರ ಫೆಬ್ರವರಿಯಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಬಂದ ಕೊಲೆ. 'ಸ್ಟಾರ್ ಟ್ರೆಕ್: ದಿ ನೆಕ್ಸ್ಟ್ ಜನರೇಶನ್' ಧಾರಾವಾಹಿಯ 'ಎ ಮ್ಯಾಟರ್ ಆಫ್ ಪರ್ಸ್‌ಪೆಕ್ಟಿವ್' ಎಂಬ ಕಂತು ಅದು. ಪಾಂಡವಪುರದ ಗೆಳೆಯನ ಅಕ್ಕ ಬೆಂಗಳೂರಿನಿಂದ ರಜೆಗೆ ಬಂದಿದ್ದರು. ಅವರ ಲ್ಯಾಪ್‌ಟಾಪಿನಲ್ಲಿ ನಾವು ನಾಲ್ವರು, ಅಂದರೆ ಅವನು, ಕೆ.ಆರ್.ಪೇಟೆಯವನು, ನಾಗಮಂಗಲದವನು ಮತ್ತು ಶ್ರೀರಂಗಪಟ್ಟಣದ ನಾನು, ಸಬ್‌ಟೈಟಲ್ ಓದಿಕೊಂಡು ಎರಡು ಸಲ ನೋಡಿದೆವು. ಕಾಲೇಜಿಗೆ ಬಂದು ಅದರ ಕತೆ ಹೇಳಿದ್ದೇ ತಡ, ಅರ್ಧ ತರಗತಿ ಪತ್ತೇದಾರರಾದರು.

ಕತೆ ಇಷ್ಟು. (35 ವರ್ಷ ಹಳೆಯದು, ಆದ್ದರಿಂದ ಗುಟ್ಟು ಹೇಳಿಬಿಟ್ಟೆ ಎಂದು ಬೈಯಬೇಡಿ.) ಟನುಗಾ ಎಂಬ ಗ್ರಹದ ಸುತ್ತ ತಿರುಗುವ ಒಂದು ಸಂಶೋಧನಾ ಕೇಂದ್ರ. ಅಲ್ಲಿ ಡಾ. ಅಪ್ಗಾರ್ ಎಂಬ ವಿಜ್ಞಾನಿ ಹೊಸ ಬಗೆಯ ಶಕ್ತಿಯ ಮೂಲ ಹುಡುಕುತ್ತಿದ್ದಾನೆ. ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಎಂಟರ್‌ಪ್ರೈಸ್ ನೌಕೆಯ ಅಧಿಕಾರಿ ರೈಕರ್ ಹೋಗುತ್ತಾನೆ. ಅವನು ನೌಕೆಗೆ ವಾಪಸ್ ಬರುವ ಕ್ಷಣದಲ್ಲೇ ಕೇಂದ್ರ ಸಿಡಿದು ಚೂರಾಗುತ್ತದೆ, ವಿಜ್ಞಾನಿ ಸಾಯುತ್ತಾನೆ. ಗ್ರಹದ ಪೊಲೀಸ್ ಅಧಿಕಾರಿ ಬಂದು, ಇವನೇ ಕೊಲೆಗಾರ, ಒಪ್ಪಿಸಿ ಎನ್ನುತ್ತಾನೆ. ನೌಕೆಯಲ್ಲಿ 'ಹಾಲೊಡೆಕ್' ಎಂಬ ಕೋಣೆ ಇದೆ. ಹೇಳಿದ್ದನ್ನೆಲ್ಲ ಅದು ಕಣ್ಣೆದುರು ನಡೆಸಿ ತೋರಿಸುತ್ತದೆ. ಕ್ಯಾಪ್ಟನ್ ಪಿಕಾರ್ಡ್ ಅಲ್ಲೇ ವಿಚಾರಣೆ ಇಡುತ್ತಾನೆ. ರೈಕರ್ ಹೇಳಿದಂತೆ ಒಂದು ಸಲ, ಸತ್ತವನ ಹೆಂಡತಿ ಹೇಳಿದಂತೆ ಒಂದು ಸಲ, ಸಹಾಯಕಿ ತಾನು ಕೇಳಿದ್ದನ್ನು ಹೇಳಿದಂತೆ ಇನ್ನೊಂದು ಸಲ ಅದೇ ದಿನ ಮತ್ತೆ ನಡೆಯುತ್ತದೆ. ರೈಕರ್‌ನ ಕತೆಯಲ್ಲಿ ಅವನು ಸಜ್ಜನ. ಹೆಂಡತಿಯ ಕತೆಯಲ್ಲಿ ಅವನು ಅಸಭ್ಯ. ಸಹಾಯಕಿಯ ಕತೆಯಲ್ಲಿ ವಿಜ್ಞಾನಿಯೇ ಅವನನ್ನು ಹೊಡೆದು ಕೆಡವುತ್ತಾನೆ.

ಇನ್ನೊಬ್ಬರ ಮನಸ್ಸಿನ ಭಾವನೆ ಅರಿಯಬಲ್ಲ ಟ್ರಾಯ್ ಎಂಬ ಅಧಿಕಾರಿಣಿ ಆ ನೌಕೆಯಲ್ಲಿದ್ದಾಳೆ. ಅವಳನ್ನು ಕೇಳಿದರೆ, ಆ ಹೆಂಗಸು ಸುಳ್ಳು ಹೇಳುತ್ತಿಲ್ಲ ಎನ್ನುತ್ತಾಳೆ. ರೈಕರ್ ಕೂಡ ಸುಳ್ಳು ಹೇಳುತ್ತಿಲ್ಲ. ಇಬ್ಬರೂ ತಮಗೆ ನೆನಪಿರುವುದನ್ನೇ ಹೇಳುತ್ತಿದ್ದಾರೆ. ಪಾಂಡವಪುರದವನು ಮೊದಲ ಸಲ ನೋಡಿದಾಗ "ಆವಮ್ಮ ಕಟ್ತಾವಳೆ" ಎಂದು ಕೂಗಿದ್ದ. ಎರಡನೇ ಸಲ ನೋಡಿ ಬಹಳ ಹೊತ್ತು ಸುಮ್ಮನಿದ್ದ.

ಕೊನೆಗೆ ಬಿಡಿಸುವ ಗಂಟು ವಿಜ್ಞಾನದ್ದು. ಅಪ್ಗಾರ್ ಗುಟ್ಟಾಗಿ ಆಯುಧ ಮಾಡುತ್ತಿದ್ದ, ಅದು ಬಯಲಾಗುತ್ತದೆಂದು ಹೆದರಿ ರೈಕರ್‌ನನ್ನೇ ಕೊಲ್ಲಲು ಹೋದ, ಬಿಟ್ಟ ಕಿರಣ ತಿರುಗಿ ಅವನ ಕೇಂದ್ರಕ್ಕೇ ಹೊಡೆಯಿತು. ಅದಕ್ಕೆ ಪುರಾವೆ ಹಾಲೊಡೆಕ್ಕಿನಲ್ಲೇ ಸಿಗುತ್ತದೆ. ಅಲ್ಲಿ ಮರುಸೃಷ್ಟಿಸಿದ ಯಂತ್ರ ಕನ್ನಡಿಗಳ ಜೋಡಣೆಯಂಥದ್ದು, ಗ್ರಹದಿಂದ ಬರುವ ಶಕ್ತಿಯನ್ನು ಅದು ನಿಜವಾಗಿಯೂ ಕಿರಣವಾಗಿ ಮಾರ್ಪಡಿಸುತ್ತಿರುತ್ತದೆ.

ಇಲ್ಲಿ ಕೆ.ಆರ್.ಪೇಟೆಯವನು ಎದ್ದು ನಿಂತ. "ಇದು ಮೋಸ ಕಣ್ರೋ. ಕನ್ನಡಿ ಫೋಟೋ ತಗ್ದು ಬಿಸಿಲಿಗೆ ಹಿಡುದ್ರೆ ಬೆಳಕು ವಾಪಸ್ ಬತ್ತದಾ?" ದ್ವಿತೀಯ ಪಿಯುಸಿಯ ರೇ ಆಪ್ಟಿಕ್ಸ್ ಪಾಠ ಆಗಷ್ಟೇ ಮುಗಿದಿತ್ತು, ಹಾಗಾಗಿ ಪ್ರಶ್ನೆಗೆ ತೂಕ ಬಂತು. ನಾಗಮಂಗಲದವನು ಬಿಡಲಿಲ್ಲ. ಹಾಲೊಡೆಕ್ ಬರೀ ಚಿತ್ರವಲ್ಲ, ಅಲ್ಲಿರುವ ವಸ್ತು ಕೈಗೆ ಸಿಗುತ್ತದೆ ಎಂದು ಮೊದಲೇ ತೋರಿಸಿದ್ದಾರೆ. ವಿಚಾರಣೆ ನಡೆಯುವಾಗ ಐದು ಗಂಟೆ ಚಿಲ್ಲರೆಗೊಮ್ಮೆ ನೌಕೆಯಲ್ಲಿ ವಿಚಿತ್ರ ವಿಕಿರಣ ಕಾಣಿಸಿಕೊಳ್ಳುವುದನ್ನೂ ಹೇಳಿದ್ದಾರೆ. ನೀನು ಗಮನಿಸಲಿಲ್ಲ, ಅಷ್ಟೆ. ರೆಕಾರ್ಡ್ ಪುಸ್ತಕದ ಹಿಂದಿನ ಪುಟದಲ್ಲಿ ಇದನ್ನೆಲ್ಲ ಬರೆದುಕೊಂಡಿದ್ದ ಪುಣ್ಯಾತ್ಮ. ಆ ಪುಸ್ತಕವನ್ನು ನಮ್ಮ ಭೌತಶಾಸ್ತ್ರದ ಮೇಡಂ ನೋಡಿದರೆ ಏನನ್ನುತ್ತಾರೋ.

ನನ್ನ ಮತ ನಾಗಮಂಗಲದ ಕಡೆಗೆ. ಕೊಲೆಯ ಕತೆಯಲ್ಲಿ ಓದುಗನಿಗೂ ಪತ್ತೇದಾರನಷ್ಟೇ ಅವಕಾಶ ಇರಬೇಕು. ವೈಜ್ಞಾನಿಕ ಕತೆಯಲ್ಲಿ ಇದು ಸಾಧ್ಯವೇ ಇಲ್ಲ ಎಂದು ಜಾನ್ ಕ್ಯಾಂಪ್‌ಬೆಲ್ ಎಂಬ ಹೆಸರಾಂತ ಸಂಪಾದಕರು ವಾದಿಸುತ್ತಿದ್ದರಂತೆ. ಕೊನೆಯ ಪುಟದಲ್ಲಿ ಪತ್ತೇದಾರ ಜೇಬಿನಿಂದ ಹೊಸ ಯಂತ್ರವೊಂದನ್ನು ತೆಗೆದು ಕಳ್ಳನನ್ನು ಹಿಡಿದುಬಿಟ್ಟರೆ ಕೇಳುವವರು ಯಾರು? ಐಸಾಕ್ ಅಸಿಮೊವ್ ಅದನ್ನು ಒಪ್ಪಲಿಲ್ಲ. ಮೊದಲೇ ಆ ಲೋಕದ ನಿಯಮ ಹೇಳಿ, ಆಮೇಲೆ ಮುರಿಯದಿದ್ದರೆ ಸಾಕು ಎಂದು 'ದಿ ಕೇವ್ಸ್ ಆಫ್ ಸ್ಟೀಲ್' ಬರೆದು ತೋರಿಸಿದರು. 1954ರಲ್ಲಿ ಪುಸ್ತಕವಾಗಿ ಬಂದ ಆ ಕಾದಂಬರಿಯಲ್ಲಿ ಮನುಷ್ಯ ಪತ್ತೇದಾರನ ಜೊತೆ ಒಂದು ರೋಬೋ ಪತ್ತೇದಾರ ಇದೆ. ಕ್ಯಾಂಪ್‌ಬೆಲ್ ಹೆದರಿದಂಥ ಕಂತುಗಳೂ ಉಂಟು. ಹಳೆಯ ಸ್ಟಾರ್ ಟ್ರೆಕ್‌ನಲ್ಲಿ 1967ರಲ್ಲಿ ಬಂದ 'ವುಲ್ಫ್ ಇನ್ ದಿ ಫೋಲ್ಡ್' ಕಂತಿನಲ್ಲಿ ಕೊಲೆಗಾರ ದೇಹವೇ ಇಲ್ಲದ ಒಂದು ಶಕ್ತಿ, ಒಬ್ಬರಿಂದ ಒಬ್ಬರ ಮೈಗೆ ಹಾರುತ್ತದೆ. ದೆವ್ವ ಮಾಡಿತು ಅಂದ ಹಾಗಾಯಿತು. ಅದನ್ನು ಮೋಸ ಅಂದರೆ ನಾನೂ ಕೈ ಎತ್ತುತ್ತೇನೆ.

ನಮ್ಮ ಕನ್ನಡದಲ್ಲೂ ಇಂಥ ಜಗಳಕ್ಕೆ ಸರಕು ಇದೆ. ಪವನ್ ಕುಮಾರ್ ನಿರ್ದೇಶನದ 'ಲೂಸಿಯಾ' 2013ರಲ್ಲಿ ಬಂತು, ಪ್ರೇಕ್ಷಕರೇ ಹಣ ಹಾಕಿ ಮಾಡಿಸಿದ ಸಿನಿಮಾ, ನಾಯಕ ಸತೀಶ್ ನೀನಾಸಂ ನಮ್ಮ ಮಂಡ್ಯ ಜಿಲ್ಲೆಯವರೇ. ಬೇಕಾದ ಕನಸು ಕೊಡುವ ಮಾತ್ರೆ, ಆಸ್ಪತ್ರೆಯಲ್ಲಿ ಎಚ್ಚರವಿಲ್ಲದೆ ಮಲಗಿದವನು, ಅವನ ಸ್ಥಿತಿಗೆ ಯಾರು ಕಾರಣ ಎಂಬ ತನಿಖೆ. ಒಂದು ಬದುಕು ಬಣ್ಣದಲ್ಲಿ, ಇನ್ನೊಂದು ಕಪ್ಪು ಬಿಳುಪಿನಲ್ಲಿ. ಉತ್ತರ ಮೊದಲಿನಿಂದಲೂ ಕಣ್ಣ ಮುಂದೆಯೇ ಇರುತ್ತದೆ. ಇದಕ್ಕಿಂತ ಹೆಚ್ಚು ಹೇಳಲಾರೆ, ನೋಡದವರು ತುಂಬ ಜನ ಇದ್ದಾರೆ. ರಕ್ಷಿತ್ ಶೆಟ್ಟಿಯವರ 'ಉಳಿದವರು ಕಂಡಂತೆ' (2014) ವೈಜ್ಞಾನಿಕ ಕತೆಯಲ್ಲ, ಆದರೆ ಮಲ್ಪೆಯ ಕಡಲ ತೀರದ ಒಂದು ಕೊಲೆಯನ್ನು ಬೇರೆ ಬೇರೆಯವರು ಕಂಡಂತೆ ಹೇಳುತ್ತದೆ. ಟಾಕೀಸಿನಲ್ಲಿ ಹೆಚ್ಚು ಓಡಲಿಲ್ಲ. ಅಭಿಮಾನಿಗಳೇ ಮತ್ತೆ ಮತ್ತೆ ನೋಡಿ, ವಾದ ಮಾಡಿ, ಅದನ್ನು ಎತ್ತಿ ನಿಲ್ಲಿಸಿದರು. ಸ್ಟಾರ್ ಟ್ರೆಕ್ ಕಂತು ನೋಡಿದ ಮೇಲೆ "ಇದು ಆಕಾಶದಾಗಿನ ಉಳಿದವರು ಕಂಡಂತೆ" ಎಂದವನು ಕೆ.ಆರ್.ಪೇಟೆಯವನೇ.

ಇನ್ನು ಕಟ್ಟಪ್ಪನನ್ನು ಮರೆಯುವ ಹಾಗಿಲ್ಲ. 2015ರ ಜುಲೈನಿಂದ 2017ರ ಏಪ್ರಿಲ್‌ವರೆಗೆ, ಬಾಹುಬಲಿಯನ್ನು ಕಟ್ಟಪ್ಪ ಯಾಕೆ ಕೊಂದ ಎಂದು ದೇಶವೇ ಕೇಳುತ್ತಿತ್ತು. ನಾವು ಆಗ ಪ್ರೈಮರಿ ಶಾಲೆಯ ಮಕ್ಕಳು. ಕಟ್ಟಪ್ಪನ ಪಾತ್ರ ಮಾಡಿದ ಸತ್ಯರಾಜ್ ಹಿಂದೆ ಕಾವೇರಿ ವಿಚಾರವಾಗಿ ಆಡಿದ ಮಾತಿಗೆ ನಮ್ಮ ರಾಜ್ಯದಲ್ಲಿ ವಿರೋಧ ಎದ್ದು, ಅವರು ವಿಷಾದ ಹೇಳಿದ ಮೇಲೆಯೇ ಏಪ್ರಿಲ್ 28ರಂದು ಎರಡನೇ ಭಾಗ ಇಲ್ಲಿ ಬಿಡುಗಡೆಯಾಯಿತು. ಅಷ್ಟು ದಿನ ಯಾರೂ ಉತ್ತರ ಗೊತ್ತೆಂದು ಖಡಾಖಂಡಿತವಾಗಿ ಹೇಳಲಿಲ್ಲ. ಊಹೆಯನ್ನು ಊಹೆ ಎಂದೇ ಹೇಳಿಕೊಂಡು ಸುಮಾರು ಎರಡು ವರ್ಷ ಕಾದರು.

ಇಷ್ಟೆಲ್ಲ ಯಾಕೆ ಬರೆದೆನೆಂದರೆ, ರೈಕರ್ ಜಗಳದಲ್ಲಿ ನಮ್ಮ ತರಗತಿಗೆ ಒಂದು ಮಾತು ಅಂಟಿಕೊಂಡಿತು: "ಸಾಕ್ಷಿ ಎಲ್ಲೈತೆ ಗುರು?" ಯಾರು ಏನು ಹೇಳಿದರೂ ಇದೇ ಪ್ರಶ್ನೆ. ಕ್ಯಾಂಟೀನಿನಲ್ಲಿ ವಡೆ ಚಿಕ್ಕದಾಗಿದೆ ಅಂದರೂ ಸಾಕ್ಷಿ ಕೇಳುತ್ತಿದ್ದರು. ನನಗೆ ಖುಷಿಯಾಗಿತ್ತು.

ಆಮೇಲೆ ಒಂದು ಶುಕ್ರವಾರ, ಜುಮಾ ಬಿಡುವಿನ ನಂತರ, ನಮ್ಮ ತರಗತಿಯ ಒಬ್ಬನ ಫೋನ್ ಕಾಣೆಯಾಯಿತು. ಬ್ಯಾಗಿನಲ್ಲಿಟ್ಟಿದ್ದೆ ಎಂದ. ಹತ್ತು ನಿಮಿಷದೊಳಗೆ ಕಳ್ಳ ಯಾರೆಂದು ತೀರ್ಮಾನವಾಗಿಬಿಟ್ಟಿತು. ಈ ವರ್ಷ ಹೊಸದಾಗಿ ಸೇರಿದ, ಯಾರ ಜೊತೆಗೂ ಹೆಚ್ಚು ಮಾತಾಡದ ಒಬ್ಬ ಹುಡುಗ. ಬಿಡುವಿಗೆ ಎಲ್ಲರಿಗಿಂತ ಮೊದಲು ಹೊರಗೆ ಹೋದನಂತೆ. ಹಿಂದಿನ ದಿನ ಮೊಬೈಲ್ ರಿಪೇರಿ ಅಂಗಡಿ ಮುಂದೆ ನಿಂತಿದ್ದನಂತೆ. ಅವನು ಆ ಬ್ಯಾಗಿನ ಹತ್ತಿರ ಬಗ್ಗಿದ್ದನ್ನು ಕಣ್ಣಾರೆ ಕಂಡೆವು ಎಂದು ನಾಲ್ಕು ಜನ ಹೇಳಿದರು. ನನ್ನದು ಕೀಪ್ಯಾಡ್ ಫೋನ್, ತರಗತಿಯ ವಾಟ್ಸಾಪ್ ಗುಂಪಿನಲ್ಲಿ ನಾನಿಲ್ಲ. ಆ ಸಂಜೆ ಅಲ್ಲಿ ಏನೇನು ಬಂತೆಂದು ನಾಗಮಂಗಲದವನು ಬಸ್ ನಿಲ್ದಾಣದಲ್ಲಿ ತೋರಿಸಿದ. ಅವನ ಹೆಸರು, ಅವನ ಫೋಟೋ, ಫೋಟೋದ ಮೇಲೆ ನಗುವ ಗುರುತುಗಳು. ಸಾಕ್ಷಿ ಎಲ್ಲಿದೆ ಎಂದು ಕೇಳಿದ್ದು ನಾಗಮಂಗಲದವನೊಬ್ಬನೇ. ಅದಕ್ಕೆ ಬಂದ ಉತ್ತರ, "ಅವ್ನ್ ಕದ್ದಿಲ್ಲ ಅನ್ನಾಕೆ ಸಾಕ್ಷಿ ಐತಾ?"

ಆ ಕಂತಿನಲ್ಲಿ ಟನುಗಾ ಗ್ರಹದ ಕಾನೂನು ಇದೇ. ನಿರಪರಾಧಿ ಎಂದು ರುಜುವಾಗುವವರೆಗೆ ಆರೋಪಿ ಅಪರಾಧಿಯೇ. ಪೊಲೀಸ್ ಅಧಿಕಾರಿ ಅದನ್ನು ಹೇಳಿದಾಗ ನಾವೆಲ್ಲ ನಕ್ಕಿದ್ದೆವು, ಇದೆಂಥ ಗ್ರಹವಪ್ಪ ಎಂದು.

ಹುಡುಗ ಶನಿವಾರ ಬರಲಿಲ್ಲ, ಸೋಮವಾರ ಬರಲಿಲ್ಲ. ಮಂಗಳವಾರ ಫೋನ್ ಸಿಕ್ಕಿತು. ಶುಕ್ರವಾರ ಬೆಳಿಗ್ಗೆ ಕಾಲೇಜಿಗೆ ಬರುವಾಗಲೇ ಅದು ಬಸ್ಸಿನ ಸೀಟಿನ ಸಂದಿಗೆ ಜಾರಿತ್ತು, ಕಂಡಕ್ಟರ್ ಎತ್ತಿಟ್ಟಿದ್ದರು. ಅಂದರೆ ಫೋನ್ ಆ ಬ್ಯಾಗಿನಲ್ಲಿ ಇರಲೇ ಇಲ್ಲ. ಹಾಗಾದರೆ ಕಣ್ಣಾರೆ ಕಂಡ ನಾಲ್ವರು ಏನನ್ನು ಕಂಡರು? ಅವರು ಬೇಕೆಂದೇ ಸುಳ್ಳು ಹೇಳಿದರು ಎಂದು ನನಗೆ ಅನ್ನಿಸುವುದಿಲ್ಲ. ಅವನು ಕಳ್ಳ ಎಂದು ಮೊದಲು ಕೇಳಿದರು, ಆಮೇಲೆ ಅವನು ಬಗ್ಗಿದ್ದು ನೆನಪಾಯಿತು. ಶೂ ಲೇಸ್ ಕಟ್ಟಲು ಬಗ್ಗಿದ್ದನೋ ಏನೋ. ಟ್ರಾಯ್ ಇದ್ದಿದ್ದರೆ ಅವರ ಬಗ್ಗೆಯೂ ಅದೇ ಮಾತು ಹೇಳುತ್ತಿದ್ದಳು.

ಗುಂಪಿನಲ್ಲಿ "ಫೋನ್ ಸಿಕ್ತು" ಎಂದು ಒಂದು ಸಾಲು ಬಂತು, ಅದರ ಕೆಳಗೆ ಸಾಲಾಗಿ ಹೆಬ್ಬೆರಳುಗಳು. ಹಳೆಯ ಸಂದೇಶಗಳನ್ನು ಕೆಲವರು ಅಳಿಸಿದರು. ಅವನ ಹೆಸರನ್ನು ಮಾತ್ರ ಯಾರೂ ಬರೆಯಲಿಲ್ಲ. ಶುಕ್ರವಾರ ಎಷ್ಟೋ ಸಲ ಬರೆದ ಹೆಸರು ಅದು.

ನಾನು ಕೇಳುವುದು ಇಷ್ಟೇ. ಆರೋಪ ಬಂದ ಅದೇ ಗುಂಪಿನಲ್ಲಿ, ಅವನ ಹೆಸರು ಹೇಳಿ, ಇವನು ತೆಗೆದಿರಲಿಲ್ಲ ಎಂದು ತರಗತಿಯ ಪ್ರತಿನಿಧಿ ಬರೆಯಲಿ. ಮಾತು ಕಾಲೇಜಿನ ಗೋಡೆಯೊಳಗೂ ಹರಡಿದ್ದರಿಂದ ಉಪನ್ಯಾಸಕರೊಬ್ಬರು ಹಾಜರಿ ಕರೆಯುವ ಮೊದಲು ಅದನ್ನು ಬಾಯಿಬಿಟ್ಟು ಹೇಳಲಿ. ಫೋನ್ ಕಳೆದುಕೊಂಡವನು ಎದ್ದು ನಿಂತು ಹೇಳಿದರೆ ಇನ್ನೂ ಒಳ್ಳೆಯದು. ವಿಷಯ ಮತ್ತೆ ಕೆದಕಬೇಡ, ತಣ್ಣಗಾಗಿದೆ ಎಂದು ಕೆಲವರು ನನಗೆ ಹೇಳಿದರು. ತಣ್ಣಗಾಗಿರುವುದು ನಮಗೆ.

ಅವನು ಈಗ ಬರುತ್ತಿದ್ದಾನೆ, ಬಾಗಿಲ ಪಕ್ಕದ ಬೆಂಚಿನಲ್ಲಿ ಕೂರುತ್ತಾನೆ. ಬಿಡುವಿಗೆ ಎಲ್ಲರೂ ಹೊರಗೆ ಹೋಗುವವರೆಗೂ ಏಳುವುದಿಲ್ಲ. ಮುಂದಿನ ಭಾನುವಾರ ಪಾಂಡವಪುರದವನ ಮನೆಯಲ್ಲಿ 'ಲೂಸಿಯಾ' ನೋಡುವುದಿದೆ, ಅವನನ್ನೂ ಕರೆದಿದ್ದೇವೆ. ಮನೆಯಲ್ಲಿ ಕೇಳಿ ಹೇಳ್ತೀನಿ ಅಂದಿದ್ದಾನೆ.