ಆಧಿಯೂ ವ್ಯಾಧಿಯೂ ವಿಮೆಯ ತಕ್ಕಡಿಯಲ್ಲಿ

ಆಧಿವ್ಯಾಧಿಗಳು ಎಂದು ನಾವು ಒಂದೇ ಉಸಿರಿನಲ್ಲಿ ಹೇಳುತ್ತೇವೆ. ಮನಸ್ಸಿನ ಬೇನೆ ಆಧಿ, ಮೈಯ ಬೇನೆ ವ್ಯಾಧಿ. ಎರಡನ್ನೂ ಒಂದು ಸಮಾಸದಲ್ಲಿ ಹೆಣೆದಿಟ್ಟ ಹಿರಿಯರು, ಒಂದು ಬಂದ ಮನೆಗೆ ಇನ್ನೊಂದು ಬರಲು ತಡವಿಲ್ಲವೆಂಬುದನ್ನು ಕಂಡುಂಡವರೇ ಇರಬೇಕು. ಆದರೆ ಆರೋಗ್ಯ ವಿಮೆಯ ಸಂಸ್ಥೆಗಳು ಈ ಸಮಾಸವನ್ನು ಬಹುಕಾಲದಿಂದ ಬಿಡಿಸಿಯೇ ಓದುತ್ತ ಬಂದಿವೆ. ವ್ಯಾಧಿಗೆ ಹಣವುಂಟು, ಆಧಿಗೆ ಪಾಲಿಸಿಯ ಕೊನೆಯ ಪುಟಗಳಲ್ಲಿ, ಕನ್ನಡಕ ಹಾಕಿಕೊಂಡರೂ ಕಾಣದಷ್ಟು ಸಣ್ಣ ಅಕ್ಷರಗಳಲ್ಲಿ, ಒಂದು ನಿಷೇಧ ವಾಕ್ಯವುಂಟು. ಈ ವಾಕ್ಯವನ್ನು ಪ್ರಶ್ನಿಸಿ ನ್ಯಾಯಾಲಯದ ಮೆಟ್ಟಿಲೇರಿದವರು ಇತ್ತೀಚಿನ ವರ್ಷಗಳಲ್ಲಿ ನಮ್ಮಲ್ಲಿಯೂ ಅಮೆರಿಕದಲ್ಲಿಯೂ ಕಂಡುಬಂದಿದ್ದಾರೆ. ಅವರಲ್ಲಿ ಕೆಲವರು ಗೆದ್ದರು. ಕೆಲವರು ಗೆದ್ದ ಮೇಲೆ ಸೋತರು. ಈ ವ್ಯಾಜ್ಯಗಳಲ್ಲಿ ಹಣದ ಲೆಕ್ಕಕ್ಕಿಂತ ಆಳವಾದ ಪ್ರಶ್ನೆಯೊಂದು ಅಡಗಿದೆ: ಮನೋರೋಗಿಗೆ ಎಷ್ಟು ಚಿಕಿತ್ಸೆ ಸಾಕು ಎಂಬುದನ್ನು ನಿರ್ಣಯಿಸುವವರು ಯಾರು?

ನಮ್ಮ ಕಾನೂನು ಈ ವಿಷಯದಲ್ಲಿ ದೂರದ ದಾರಿ ನಡೆದು ಬಂದಿದೆಯೆಂಬುದನ್ನು ಮೊದಲಿಗೇ ಒಪ್ಪಬೇಕು. 1912ರ ಶಾಸನದ ಹೆಸರಿನಲ್ಲಿಯೇ ಹುಚ್ಚೆಂಬ ಮಾತಿತ್ತು; ರೋಗಿಯನ್ನು ಗುಣಪಡಿಸುವುದಕ್ಕಿಂತ ರೋಗಿಯಿಂದ ಸಮಾಜವನ್ನು ಕಾಯುವ ಕಡೆಗೇ ಅದರ ಗಮನ. 1987ರ ಶಾಸನ ಹೆಸರನ್ನು ಸುಧಾರಿಸಿತಾದರೂ ಹಳೆಯ ಗೋಡೆಗಳನ್ನು ಹೆಚ್ಚಾಗಿ ಅಲುಗಿಸಲಿಲ್ಲ. ವಿಕಲಾಂಗರ ಹಕ್ಕುಗಳನ್ನು ಕುರಿತ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತವು 2007ರಲ್ಲಿ ಸಮ್ಮತಿಯಿತ್ತಿತು. ಅದಕ್ಕನುಗುಣವಾಗಿ ರೂಪುಗೊಂಡ ಮಾನಸಿಕ ಆರೋಗ್ಯ ಕಾಯಿದೆಯು 2017ರಲ್ಲಿ ಅಂಗೀಕೃತವಾಗಿ, 2018ರ ಮೇ 29ರಂದು ಜಾರಿಗೆ ಬಂದಿತು. ಈ ಕಾಯಿದೆಯ 21ನೆಯ ಕಲಮಿನ ನಾಲ್ಕನೆಯ ಉಪಕಲಮು ಒಂದೇ ವಾಕ್ಯದ್ದು. ದೈಹಿಕ ರೋಗಗಳ ಚಿಕಿತ್ಸೆಗೆ ಯಾವ ಆಧಾರದ ಮೇಲೆ ವಿಮೆ ದೊರೆಯುತ್ತದೆಯೋ ಅದೇ ಆಧಾರದ ಮೇಲೆ ಮಾನಸಿಕ ರೋಗದ ಚಿಕಿತ್ಸೆಗೂ ಪ್ರತಿಯೊಬ್ಬ ವಿಮೆಗಾರನು ವಿಮೆಯನ್ನು ಒದಗಿಸತಕ್ಕದ್ದು ಎಂಬುದು ಅದರ ತಾತ್ಪರ್ಯ. ವಿನಾಯಿತಿಯಿಲ್ಲ, ಕಾಲಾವಕಾಶವಿಲ್ಲ. ನಮ್ಮ ಶಾಸನಗಳಲ್ಲಿ ಇಷ್ಟು ಸರಳವಾದ ವಾಕ್ಯಗಳು ವಿರಳ.

ವಾಕ್ಯ ಸರಳವಾದರೂ ಅದು ವಿಮಾ ಕಚೇರಿಯ ಮೇಜನ್ನು ತಲುಪಲು ತೆಗೆದುಕೊಂಡ ಕಾಲವನ್ನು ನೋಡಿದರೆ ಆಶ್ಚರ್ಯವಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2018ರ ಆಗಸ್ಟ್ 16ರಂದೇ ಸುತ್ತೋಲೆಯನ್ನು ಹೊರಡಿಸಿ, ಈ ಉಪಕಲಮನ್ನು ತತ್‌ಕ್ಷಣದಿಂದ ಪಾಲಿಸಬೇಕೆಂದು ವಿಮೆಗಾರರಿಗೆ ತಿಳಿಸಿತು. 2019ರ ಸೆಪ್ಟೆಂಬರಿನಲ್ಲಿ ಮತ್ತೊಮ್ಮೆ, ಪಾಲಿಸಿಗಳಿಂದ ಯಾವ ಯಾವ ರೋಗಗಳನ್ನು ಹೊರಗಿಡಕೂಡದೆಂಬುದನ್ನು ವಿವರಿಸಿ, ಮನೋರೋಗವನ್ನೂ ಆ ಪಟ್ಟಿಗೆ ಸೇರಿಸಿತು. ಆದರೆ ಹಳೆಯ ಪಾಲಿಸಿಗಳನ್ನು ತಿದ್ದಿಕೊಳ್ಳಲು 2020ರ ಅಕ್ಟೋಬರ್ 1ರ ವರೆಗೆ ಅವಕಾಶವನ್ನೂ ಕೊಟ್ಟಿತು. ಕಾಯಿದೆ ಕೊಡದಿದ್ದ ಗಡುವನ್ನು ಸುತ್ತೋಲೆ ಕೊಟ್ಟಂತಾಯಿತು. ಅಷ್ಟಕ್ಕೂ ಮುಗಿಯದೆ, 2022ರ ಅಕ್ಟೋಬರಿನಲ್ಲಿ ಇನ್ನೊಂದು ಸುತ್ತೋಲೆ ಹೊರಟು, ಆ ತಿಂಗಳ 31ರೊಳಗೆ ಎಲ್ಲ ಪಾಲಿಸಿಗಳೂ ಮನೋರೋಗಕ್ಕೆ ರಕ್ಷಣೆ ನೀಡುವಂತಿರಬೇಕೆಂದು ವಿಧಿಸಿತು. 2018ರಲ್ಲಿ ‘ತತ್‌ಕ್ಷಣ’ ಎಂದದ್ದನ್ನು ನಾಲ್ಕು ವರ್ಷಗಳ ಮೇಲೆ ಮತ್ತೆ ಹೇಳಬೇಕಾಯಿತೆಂದರೆ ನಡುವಣ ಕಾಲದಲ್ಲಿ ಏನು ನಡೆದಿತ್ತೆಂಬುದನ್ನು ಊಹಿಸಲು ಹೆಚ್ಚಿನ ಪಾಂಡಿತ್ಯ ಬೇಕಾಗಿಲ್ಲ.

ಆ ನಡುವಣ ಕಾಲದ ಒಂದು ಮೊಕದ್ದಮೆ ಎಲ್ಲರೂ ತಿಳಿಯತಕ್ಕದ್ದಾಗಿದೆ. 2020ರಲ್ಲಿ ದೆಹಲಿಯ ಮಹಿಳೆಯೊಬ್ಬರು ಭಾವನೆ ಮತ್ತು ವಿಚಾರಶಕ್ತಿ ಎರಡನ್ನೂ ಬಾಧಿಸುವ ತೀವ್ರ ಮನೋರೋಗಕ್ಕಾಗಿ ಆಸ್ಪತ್ರೆಗೆ ಸೇರಿ ಚಿಕಿತ್ಸೆ ಪಡೆದರು. ಸರ್ಕಾರಿ ವಲಯದ ನ್ಯಾಷನಲ್ ಇನ್ಷುರೆನ್ಸ್ ಕಂಪನಿಯಲ್ಲಿ ಅವರ ಪಾಲಿಸಿಯಿತ್ತು. ವಿಮೆಯ ಮೊತ್ತ 3,95,000 ರೂಪಾಯಿ. ಮನೋರೋಗವನ್ನು ಹೊರಗಿಡುವ ಷರತ್ತನ್ನು ಬೆರಳಿಟ್ಟು ತೋರಿಸಿ ಕಂಪನಿ ಹಣ ಕೊಡಲು ನಿರಾಕರಿಸಿತು. ಮಹಿಳೆ ದೆಹಲಿ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. 2021ರ ಏಪ್ರಿಲಿನಲ್ಲಿ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಅವರು ಕೊಟ್ಟ ತೀರ್ಪಿನ ಸಾರ ಇಷ್ಟು: ಕಾಯಿದೆ ಜಾರಿಗೆ ಬಂದ ದಿನದಿಂದಲೇ ಆ ಕರ್ತವ್ಯ ವಿಮೆಗಾರನ ಮೇಲೆ ಬಿದ್ದಿದೆ, ಪಾಲಿಸಿಯ ಷರತ್ತಾಗಲಿ, ಅದನ್ನು ತಿದ್ದಲು ಆದ ವಿಳಂಬವಾಗಲಿ ಶಾಸನದ ಮಾತನ್ನು ಮೀರಲಾರದು. ಹಣ ಕೊಡಬೇಕೆಂದು ಆಜ್ಞೆಯಾಯಿತು. ಹಾಗೆ ನೋಡಿದರೆ ಇದರಲ್ಲಿ ನ್ಯಾಯಶಾಸ್ತ್ರದ ಹೊಸ ಶೋಧನೆಯೇನೂ ಇಲ್ಲ. ಕರಾರು ಶಾಸನಕ್ಕೆ ಅಡಿಯಾಳು ಎಂಬುದು ಕಾನೂನಿನ ಮೊದಲ ವರ್ಷದ ವಿದ್ಯಾರ್ಥಿಗೂ ಗೊತ್ತು. ಆದರೆ ತನ್ನ ಮನೋರೋಗದ ಹೆಸರನ್ನು ತೆರೆದ ನ್ಯಾಯಾಲಯದಲ್ಲಿ ಹೇಳಿಸಿ, ಅದು ಕಾನೂನಿನ ವರದಿಗಳಲ್ಲಿ ಅಚ್ಚಾಗುವುದನ್ನು ಸಹಿಸಿಕೊಂಡು, ಆ ಹಳೆಯ ತತ್ತ್ವವನ್ನು ಮತ್ತೆ ಹೇಳಿಸಲು ಒಬ್ಬ ಹೆಂಗಸು ಮುಂದೆ ಬರಬೇಕಾಯಿತು.

ವಿಮೆಗಾರರ ಪಕ್ಷದಲ್ಲಿಯೂ ಹೇಳತಕ್ಕ ಮಾತುಗಳಿಲ್ಲದಿಲ್ಲ. ವಿಮೆಯೆಂಬುದು ಹಲವರ ಕಂತಿನಿಂದ ಕೆಲವರ ಕಷ್ಟವನ್ನು ತೀರಿಸುವ ಲೆಕ್ಕಾಚಾರ. ಮುರಿದ ಮೂಳೆ ಕ್ಷಕಿರಣ ಚಿತ್ರದಲ್ಲಿ ಕಾಣುತ್ತದೆ. ಕೂಡಿಕೊಳ್ಳಲು ಎಷ್ಟು ವಾರ ಬೇಕೆಂಬುದು ಪುಸ್ತಕದಲ್ಲಿದೆ. ಖಿನ್ನತೆಗೆ ಅಂಥ ಚಿತ್ರವಿಲ್ಲ. ಎಷ್ಟು ತಿಂಗಳಿಗೆ ಇಳಿಯುತ್ತದೆ, ಇಳಿದದ್ದು ಮತ್ತೆ ಏರುವುದೋ ಇಲ್ಲವೋ ಎಂಬುದನ್ನು ನುರಿತ ವೈದ್ಯರೂ ಖಚಿತವಾಗಿ ಹೇಳಲಾರರು. ಅಳತೆಗೆ ಸಿಕ್ಕದ ಅಪಾಯಕ್ಕೆ ಬೆಲೆ ಕಟ್ಟುವುದು ಹೇಗೆ ಎಂದು ವಿಮಾ ಗಣಿತಜ್ಞ ಕೇಳಿದರೆ ಅದು ಅನ್ಯಾಯದ ಪ್ರಶ್ನೆಯಲ್ಲ. ಆದರೆ ಸಂಧಿವಾತ, ತಲೆಶೂಲೆ, ಬೆನ್ನುನೋವುಗಳೂ ಅಳತೆಗೆ ಸುಲಭವಾಗಿ ಸಿಕ್ಕುವುದಿಲ್ಲ. ಅವನ್ನು ಯಾರೂ ಪಾಲಿಸಿಯಿಂದ ಹೊರಗೆ ಹಾಕಲಿಲ್ಲ. ಆದುದರಿಂದ ಮನೋರೋಗದ ನಿಷೇಧಕ್ಕೆ ಗಣಿತವೊಂದೇ ಕಾರಣವೆಂದು ನಂಬುವುದು ಕಷ್ಟ. ಅದು ನಿಜವಾದ ರೋಗವಲ್ಲ, ಮನೋದೌರ್ಬಲ್ಯ ಎಂಬ ಹಳೆಯ ನಂಬಿಕೆ ಲೆಕ್ಕದ ಪುಸ್ತಕದೊಳಗೂ ನುಸುಳಿಕೊಂಡಿದೆಯೆಂದೇ ತೋರುತ್ತದೆ.

ಅಮೆರಿಕದ ಅನುಭವವನ್ನು ಇಲ್ಲಿ ಕೊಂಚ ವಿಸ್ತಾರವಾಗಿ ನೋಡಬೇಕು. ಏಕೆಂದರೆ ಅಲ್ಲಿ ಈ ಜಗಳ ನಮಗಿಂತ ಎರಡು ದಶಕ ಮುಂಚೆ ಹೊತ್ತಿಕೊಂಡಿತು. ಸೆನೆಟಿನ ಇಬ್ಬರು ಸದಸ್ಯರು, ಪಾಲ್ ವೆಲ್‌ಸ್ಟೋನ್ ಮತ್ತು ಪೀಟ್ ಡೊಮೆನಿಚಿ, ರಾಜಕೀಯದಲ್ಲಿ ಉತ್ತರ ದಕ್ಷಿಣ. ಆದರೆ ಒಬ್ಬರ ಅಣ್ಣ, ಇನ್ನೊಬ್ಬರ ಮಗಳು ತೀವ್ರ ಮನೋರೋಗದಿಂದ ನೊಂದವರು. ಮನೆಯ ನೋವು ಪಕ್ಷಭೇದವನ್ನು ದಾಟಿಸಿತು. 1996ರಲ್ಲಿ ಅವರು ತಂದ ಶಾಸನ ಪುಟ್ಟದು: ವರ್ಷಕ್ಕೆ ಮತ್ತು ಜೀವಮಾನಕ್ಕೆ ಕೊಡುವ ಹಣದ ಮಿತಿಯಲ್ಲಿ ದೇಹ ಮನಸ್ಸುಗಳಿಗೆ ಭೇದ ಮಾಡಕೂಡದು, ಅಷ್ಟೆ. ವಿಮೆಗಾರರು ಹಣದ ಮಿತಿಯನ್ನು ಬಿಟ್ಟು ದಿನಗಳ ಮಿತಿಯನ್ನು ಹಿಡಿದುಕೊಂಡರು. ಆಸ್ಪತ್ರೆಯಲ್ಲಿ ಇಂತಿಷ್ಟೇ ದಿನ, ವೈದ್ಯರ ಭೇಟಿ ಇಂತಿಷ್ಟೇ ಸಲ. ಒಂದು ಬಾಗಿಲು ಮುಚ್ಚಿದರೆ ಕಿಟಕಿ ಇದ್ದೇ ಇತ್ತು. ಅದನ್ನೂ ಮುಚ್ಚುವ ಶಾಸನ 2008ರಲ್ಲಿ ಬಂದಿತು. ಕುಸಿಯುತ್ತಿದ್ದ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸುವ ಮಸೂದೆಯ ಬೆನ್ನೇರಿ ಅದು ಅಂಗೀಕಾರವಾಯಿತೆಂಬುದು ಶಾಸನಸಭೆಗಳ ವಿಚಿತ್ರ ರೀತಿಗೆ ಒಂದು ನಿದರ್ಶನ. ವೆಲ್‌ಸ್ಟೋನ್ 2002ರಲ್ಲಿಯೇ ವಿಮಾನಾಪಘಾತದಲ್ಲಿ ತೀರಿಕೊಂಡಿದ್ದರು. ಶಾಸನವು ಇಬ್ಬರ ಹೆಸರನ್ನೂ ಹೊತ್ತಿದೆ.

ಆಗ ನಿರಾಕರಣೆ ಇನ್ನೂ ಸೂಕ್ಷ್ಮವಾಯಿತು. ರೋಗವನ್ನು ಹೊರಗಿಡುವಂತಿಲ್ಲ, ದಿನಗಳನ್ನು ಎಣಿಸುವಂತಿಲ್ಲ. ಆದರೆ ಈ ಚಿಕಿತ್ಸೆ ‘ವೈದ್ಯಕೀಯವಾಗಿ ಅವಶ್ಯವಲ್ಲ’ ಎನ್ನಬಹುದಲ್ಲ! ಅವಶ್ಯವೋ ಅಲ್ಲವೋ ಎಂಬುದನ್ನು ತೂಗುವ ತಕ್ಕಡಿಯನ್ನು ವಿಮೆಗಾರನೇ ತಯಾರಿಸಿಕೊಂಡಿದ್ದ. ಯುನೈಟೆಡ್ ಬಿಹೇವಿಯರಲ್ ಹೆಲ್ತ್ ಎಂಬ ಭಾರಿ ಸಂಸ್ಥೆಯ ಮೇಲೆ ಐವತ್ತು ಸಾವಿರಕ್ಕೂ ಮಿಕ್ಕ ರೋಗಿಗಳ ಪರವಾಗಿ ನಡೆದ ಮೊಕದ್ದಮೆಯಲ್ಲಿ ಈ ತಕ್ಕಡಿಯೇ ವಿಚಾರಣೆಗೆ ಬಂದಿತು. 2019ರಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ಜೋಸೆಫ್ ಸ್ಪೀರೋ ನೂರಕ್ಕೂ ಹೆಚ್ಚು ಪುಟಗಳ ತೀರ್ಪಿನಲ್ಲಿ ಅದರ ಕಳ್ಳತೂಕವನ್ನು ಬಯಲಿಗೆಳೆದರು. ಸಂಸ್ಥೆಯ ಮಾರ್ಗಸೂಚಿಗಳು ರೋಗಿಯ ಆ ಕ್ಷಣದ ಬಿಕ್ಕಟ್ಟನ್ನು ಮಾತ್ರ ಲೆಕ್ಕಕ್ಕೆ ಹಿಡಿದು, ಅದರ ಬೇರಾದ ದೀರ್ಘಕಾಲದ ರೋಗವನ್ನು ಕಡೆಗಣಿಸಿದ್ದವು. ಬಿಕ್ಕಟ್ಟು ಇಳಿದೊಡನೆ ಚಿಕಿತ್ಸೆ ಅನವಶ್ಯಕವೆಂದು ಬಿಡುತ್ತಿತ್ತು. ಜ್ವರ ಇಳಿದೊಡನೆ ಕ್ಷಯರೋಗಿಯ ಔಷಧವನ್ನು ನಿಲ್ಲಿಸಿದ ಹಾಗೆ. ಈ ಮಾರ್ಗಸೂಚಿಗಳನ್ನು ರಚಿಸುವಲ್ಲಿ ಹಣಕಾಸಿನ ವಿಚಾರ ಕೈಯಾಡಿಸಿತ್ತೆಂದೂ ನ್ಯಾಯಾಧೀಶರು ಕಂಡರು.

ಇದು ಗೆಲುವು. ಸೋಲು 2022ರ ಮಾರ್ಚಿನಲ್ಲಿ ಬಂದಿತು. ಮೇಲಿನ ನ್ಯಾಯಾಲಯ ಕೆಲವೇ ಪುಟಗಳಲ್ಲಿ ಆ ನೂರು ಪುಟಗಳನ್ನು ತಳ್ಳಿಹಾಕಿತು. ವೃತ್ತಿಯಲ್ಲಿ ಎಲ್ಲರೂ ಒಪ್ಪಿದ ಚಿಕಿತ್ಸೆಯನ್ನೆಲ್ಲ ಕೊಡಬೇಕೆಂದು ಪಾಲಿಸಿಯಲ್ಲಿ ಬರೆದಿಲ್ಲ. ಪಾಲಿಸಿಯನ್ನು ಅರ್ಥೈಸುವ ವಿವೇಚನೆ ಸಂಸ್ಥೆಗೇ ಸೇರಿದ್ದು. ಅದು ಮಾಡಿದ ಅರ್ಥ ತೀರ ಅಸಂಗತವಲ್ಲ ಎಂಬುದು ಅದರ ವಾದ. 2023ರಲ್ಲಿ ಅದೇ ನ್ಯಾಯಾಲಯ ತನ್ನ ಮಾತನ್ನು ಒಂದಿಷ್ಟು ತಿದ್ದಿಕೊಂಡಿತಾದರೂ ಹಳೆಯ ಕ್ಲೇಮುಗಳನ್ನೆಲ್ಲ ಮರುಪರಿಶೀಲಿಸಬೇಕೆಂಬ ಕೆಳಗಿನ ಆಜ್ಞೆ ಉಳಿಯಲಿಲ್ಲ. ಆದರೆ ಮೊದಲ ತೀರ್ಪು ಬರಡಾಗಲಿಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2020ರಲ್ಲಿಯೇ ಶಾಸನ ಮಾಡಿ, ಚಿಕಿತ್ಸೆಯ ಅವಶ್ಯಕತೆಯನ್ನು ಲಾಭಾಪೇಕ್ಷೆಯಿಲ್ಲದ ವೈದ್ಯಸಂಘಗಳ ಸೂತ್ರಗಳಿಂದಲೇ ತೂಗತಕ್ಕದ್ದೆಂದು ವಿಧಿಸಿತು. ದೇಶಕ್ಕೆಲ್ಲ ಅನ್ವಯಿಸುವ ಬಿಗಿಯಾದ ನಿಯಮಗಳು 2024ರ ಸೆಪ್ಟೆಂಬರಿನಲ್ಲಿ ಪ್ರಕಟವಾದವು. ಸರ್ಕಾರ ಬದಲಾದ ಮೇಲೆ 2025ರ ಮೇ ತಿಂಗಳಲ್ಲಿ, ಅವುಗಳ ಹೊಸ ಭಾಗಗಳನ್ನು ಸದ್ಯಕ್ಕೆ ಜಾರಿಗೊಳಿಸುವುದಿಲ್ಲವೆಂಬ ಪ್ರಕಟಣೆಯೂ ಹೊರಬಿದ್ದಿತು.

ಈ ಕಥೆಯನ್ನು ಮುಂದಿಟ್ಟುಕೊಂಡು ನಮ್ಮ 21ನೆಯ ಕಲಮನ್ನು ಮತ್ತೊಮ್ಮೆ ಓದಿದರೆ ಅದರೊಳಗಿನ ಸಂದು ಕಾಣುತ್ತದೆ. ‘ಅದೇ ಆಧಾರದ ಮೇಲೆ’ ಎಂದಿತು ಕಾಯಿದೆ. ನಮ್ಮ ಸಾಮಾನ್ಯ ಆರೋಗ್ಯ ಪಾಲಿಸಿಯ ಆಧಾರವಾದರೂ ಏನು? ಆಸ್ಪತ್ರೆಯಲ್ಲಿ ಇಪ್ಪತ್ತನಾಲ್ಕು ಗಂಟೆ ಮಲಗಿದ್ದರೆ ಹಣ. ಹೊರರೋಗಿಯಾಗಿ ಬಂದು ಹೋದರೆ, ಪ್ರತ್ಯೇಕವಾಗಿ ಅದಕ್ಕೆಂದು ಕಂತು ಕಟ್ಟಿದ್ದ ಹೊರತು, ಇಲ್ಲ. ಮನೋರೋಗದ ಚಿಕಿತ್ಸೆಯೋ ಬಹುಮಟ್ಟಿಗೆ ಹೊರರೋಗಿಯ ಚಿಕಿತ್ಸೆಯೇ. ತಿಂಗಳಿಗೊಮ್ಮೆ ವೈದ್ಯರ ಭೇಟಿ, ವಾರಕ್ಕೊಮ್ಮೆ ಆಪ್ತಸಮಾಲೋಚನೆ, ವರ್ಷಗಟ್ಟಲೆ ಮಾತ್ರೆ. ಮೇಲಾಗಿ 2017ರ ಕಾಯಿದೆಯೇ, ರೋಗಿಯನ್ನು ಆದಷ್ಟು ಮಟ್ಟಿಗೆ ಮನೆಯಲ್ಲಿ, ತನ್ನವರ ನಡುವೆ ಇಟ್ಟು ಉಪಚರಿಸಬೇಕು, ಆಸ್ಪತ್ರೆಯ ವಾಸ ಕೊನೆಯ ಉಪಾಯವಾಗಬೇಕು ಎನ್ನುತ್ತದೆ. ಕಾಯಿದೆ ಮನೆಯತ್ತ ಕೈದೋರಿಸುತ್ತದೆ, ವಿಮೆ ವಾರ್ಡಿನತ್ತ ಕೈದೋರಿಸುತ್ತದೆ. ನಡುವೆ ನಿಂತ ರೋಗಿ ತನ್ನ ಜೇಬನ್ನು ಮುಟ್ಟಿಕೊಳ್ಳುತ್ತಾನೆ. ಅಮೆರಿಕದ ಸಂಸ್ಥೆ ಮಾರ್ಗಸೂಚಿಯಲ್ಲಿ ಬಚ್ಚಿಟ್ಟದ್ದನ್ನು ನಾವು ಪಾಲಿಸಿಯ ವ್ಯಾಖ್ಯೆಯಲ್ಲಿಯೇ ಬರೆದುಬಿಟ್ಟಿದ್ದೇವೆ: ಬಿಕ್ಕಟ್ಟಿಗೆ ಹಣ, ರೋಗಕ್ಕಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015-16ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 10.6 ಮಂದಿ ಒಂದಲ್ಲ ಒಂದು ಮಾನಸಿಕ ತೊಂದರೆಯಲ್ಲಿದ್ದರು. ಬಹುಪಾಲು ರೋಗಗಳಲ್ಲಿ ಚಿಕಿತ್ಸೆ ಸಿಗದೆ ಉಳಿದವರು ನೂರಕ್ಕೆ 70ರಿಂದ 92ರ ವರೆಗೆ. ಇವರೆಲ್ಲರ ಕಷ್ಟಕ್ಕೂ ವಿಮೆಯೇ ಕಾರಣವೆನ್ನುವುದು ಅತಿಶಯೋಕ್ತಿಯಾದೀತು. ವೈದ್ಯರ ಅಭಾವ, ನಾಚಿಕೆ, ಅಜ್ಞಾನ ಎಲ್ಲವೂ ಉಂಟು. ಆದರೆ ಕಾಯಿಲೆ ಕೈಮೀರಿ ವಾರ್ಡಿಗೆ ಸೇರುವವರೆಗೆ ಕಾಯುವ ವಿಮೆಯಿಂದ ಆ ಅಂಕಿಗಳು ಇಳಿಯುವುದೂ ಶಕ್ಯವಿಲ್ಲ.

ಇನ್ನೊಂದು ತೊಡಕು ಮದ್ಯಪಾನಕ್ಕೆ ಸಂಬಂಧಿಸಿದ್ದು. ಮದ್ಯ ಮತ್ತು ಮಾದಕ ವಸ್ತುಗಳ ದುರುಪಯೋಗಕ್ಕೆ ಹೊಂದಿಕೊಂಡ ಮಾನಸಿಕ ಸ್ಥಿತಿಗಳು 2017ರ ಕಾಯಿದೆಯ ವ್ಯಾಖ್ಯೆಯಲ್ಲಿ ಮನೋರೋಗವೆಂದೇ ಸೇರಿವೆ. ಆದರೆ 2019ರ ಮಾರ್ಗಸೂಚಿಯಲ್ಲಿ, ಹೊರಗಿಡಲು ವಿಮೆಗಾರನಿಗೆ ಅನುಮತಿಯಿರುವ ಸಂಗತಿಗಳ ಪಟ್ಟಿಯಲ್ಲಿ, ಕುಡಿತದ ಹಾಗೂ ಇತರ ಚಟಗಳ ಚಿಕಿತ್ಸೆಯೂ ಸೇರಿಕೊಂಡಿದೆ. ಶಾಸನ ಒಳಗೆ ಕರೆದದ್ದನ್ನು ಮಾರ್ಗಸೂಚಿ ಹೊಸ್ತಿಲಲ್ಲಿ ನಿಲ್ಲಿಸಿದೆ. ದೆಹಲಿಯ ತೀರ್ಪಿನ ತರ್ಕವನ್ನೇ ಮುಂದುವರಿಸಿದರೆ ಈ ನಿಷೇಧವೂ ನಿಲ್ಲಲಾರದೆಂಬುದು ನಮ್ಮ ಅಭಿಪ್ರಾಯ. ಕುಡುಕನ ಪರವಾಗಿ ವಾದಿಸಲು ಸಮಾಜಕ್ಕೆ ಮನಸ್ಸು ಬಾರದು, ನಿಜ. ಆದರೆ ಆಸ್ಪತ್ರೆಯ ಬಿಲ್ಲು ಕಟ್ಟಲು ಒಡವೆ ಅಡವಿಡುವವಳು ಅವನ ಹೆಂಡತಿ.

ನಿರಾಕರಣೆಯ ಪತ್ರ ಬಂದ ಮೇಲೆ ಬಹುಮಂದಿ ಸುಮ್ಮನಾಗುವುದೇ ವಿಮೆಗಾರನ ದೊಡ್ಡ ಬಲ. ಅಮೆರಿಕದ ಸರ್ಕಾರಿ ವಿಮಾಪೇಟೆಯ ಅಂಕಿಗಳಲ್ಲಿ, ತಿರಸ್ಕೃತವಾದ ನೂರು ಕ್ಲೇಮುಗಳಲ್ಲಿ ಒಂದನ್ನು ಸಹ ಜನ ಸರಿಯಾಗಿ ಪ್ರಶ್ನಿಸಿಲ್ಲ. ಮನೋರೋಗದಲ್ಲಿ ಸುಮ್ಮನಾಗಲು ಇನ್ನೊಂದು ಕಾರಣವೂ ಸೇರುತ್ತದೆ. ಮೇಲ್ಮನವಿ ಬರೆಯಬೇಕಾದರೆ ರೋಗದ ಹೆಸರನ್ನು ಬರೆಯಬೇಕು. ಹತ್ತು ಮೇಜು ದಾಟುವ ಕಾಗದದಲ್ಲಿ ಮಗಳ ಹೆಸರಿನೊಡನೆ ಅದು ಇರುವುದನ್ನು ಯಾವ ತಂದೆತಾಯಿ ಬಯಸಿಯಾರು? ಇದೇ ಅಳುಕಿನಿಂದ ಪಾಲಿಸಿ ಕೊಳ್ಳುವಾಗ ಹಿಂದಿನ ಚಿಕಿತ್ಸೆಯನ್ನು ಮುಚ್ಚಿಡುವವರುಂಟು. ಅದೇ ಮುಂದೆ ನಿರಾಕರಣೆಗೆ ಒಳ್ಳೆಯ ನೆಪವಾಗುತ್ತದೆ. 2024ರಲ್ಲಿ ಪ್ರಾಧಿಕಾರವು ಈ ನೆಪಕ್ಕೆ ಒಂದು ಎಲ್ಲೆ ಕಟ್ಟಿ, ಅರವತ್ತು ತಿಂಗಳು ಎಡೆಬಿಡದೆ ನಡೆದ ಪಾಲಿಸಿಯನ್ನು, ವಂಚನೆ ಸಿದ್ಧವಾದ ಹೊರತು, ಮುಚ್ಚಿಟ್ಟರೆಂಬ ಕಾರಣಕ್ಕೆ ಪ್ರಶ್ನಿಸುವಂತಿಲ್ಲವೆಂದಿತು. ಆದರೂ ಮೊದಲ ದಿನವೇ ಇದ್ದದ್ದನ್ನು ಇದ್ದ ಹಾಗೆ ಬರೆಯುವುದು ಕ್ಷೇಮ.

ಪ್ರಶ್ನಿಸುವ ದಾರಿ ನಮ್ಮಲ್ಲಿ ದುಬಾರಿಯದೇನಲ್ಲ. ನಿರಾಕರಣೆಗೆ ಪಾಲಿಸಿಯ ಯಾವ ಷರತ್ತು ಆಧಾರವೆಂಬುದನ್ನು ಕಂಪನಿ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸದಿದ್ದರೆ ಕೇಳಿ ಪಡೆಯಬೇಕು. ಚಿಕಿತ್ಸೆ ಏಕೆ ಅವಶ್ಯವಾಗಿತ್ತು, ಕೊಡದಿದ್ದರೆ ಏನಾಗುತ್ತಿತ್ತು ಎಂಬುದನ್ನು ವೈದ್ಯರಿಂದ ವಿವರವಾಗಿ ಬರೆಸಿಕೊಂಡು, 21ನೆಯ ಕಲಮನ್ನು ಉಲ್ಲೇಖಿಸಿ ಮೊದಲು ಕಂಪನಿಯ ದೂರು ವಿಭಾಗಕ್ಕೆ ಸಲ್ಲಿಸಬೇಕು. ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಸಮಾಧಾನಕರವಲ್ಲದಿದ್ದರೆ, ವಿಮಾ ಓಂಬುಡ್ಸ್‌ಮನ್ ಅವರ ಬಳಿಗೆ ಹೋಗಬಹುದು. ಕರ್ನಾಟಕಕ್ಕೆ ಈ ಕಚೇರಿ ಬೆಂಗಳೂರಿನಲ್ಲಿದೆ. ದೂರು ಕೊಡಲು ಒಂದು ವರ್ಷದ ಅವಧಿಯುಂಟು. ಶುಲ್ಕವಿಲ್ಲ, ವಕೀಲರು ಬೇಕಿಲ್ಲ. 50 ಲಕ್ಷ ರೂಪಾಯಿಗಳ ವರೆಗಿನ ವಿವಾದ ಅವರ ವ್ಯಾಪ್ತಿಗೆ ಸೇರುತ್ತದೆ. ಅವರ ತೀರ್ಮಾನ ಕಂಪನಿಯನ್ನು ಕಟ್ಟಿಹಾಕುತ್ತದೆ, ದೂರುದಾರನನ್ನಲ್ಲ. ಒಪ್ಪಿಗೆಯಾಗದಿದ್ದರೆ ಅವನು ಗ್ರಾಹಕರ ಆಯೋಗಕ್ಕೆ ಹೋಗಬಹುದು. ತೀರ್ಮಾನವಾದ ಮೂವತ್ತು ದಿನಗಳೊಳಗೆ ಕಂಪನಿ ಅದನ್ನು ಪಾಲಿಸದೆ ಹೋದರೆ, 2024ರ ಸುತ್ತೋಲೆಯಂತೆ, ತಡವಾದ ಪ್ರತಿಯೊಂದು ದಿನಕ್ಕೂ ದೂರುದಾರನಿಗೆ 5,000 ರೂಪಾಯಿ ತೆರಬೇಕಾಗುತ್ತದೆ.