ಎಡಪಕ್ಕೆಯ ಎಚ್ಚರಿಕೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ರಸ್ತೆಯಲ್ಲಿ, ರಾಮನಗರಕ್ಕೂ ಚನ್ನಪಟ್ಟಣಕ್ಕೂ ನಡುವೆ ಕೆಂಗಲ್ ಇದೆ. ಅಲ್ಲಿನ ಆಂಜನೇಯನ ಗುಡಿಗೆ ಹಸುಗೂಸುಗಳನ್ನೆತ್ತಿಕೊಂಡು ಬರುವ ತಾಯಂದಿರು, ಮಗು ರಚ್ಚೆ ಹಿಡಿದೊಡನೆ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡುವರು. ಆ ಕೈ ಇನ್ನೊಂದು ಎಡೆಯನ್ನೂ ಮುಟ್ಟಿ ನೋಡಲು ಕಲಿತರೆ ಕೆಲವು ಮಕ್ಕಳ ಪ್ರಾಣವೇ ಉಳಿಯುವುದು. ಆ ಎಡೆ ಹೊಟ್ಟೆಯ ಎಡಭಾಗ. ಅಲ್ಲಿ ಪಕ್ಕೆಲುಬುಗಳ ಮರೆಯಲ್ಲಿರುವುದೇ ಗುಲ್ಮ.

ಗುಲ್ಮವು ರಕ್ತದ ಜರಡಿ. ಮುದಿಯಾದ ಕೆಂಪು ಕಣಗಳನ್ನು ತೆಗೆಯುವುದೂ ರೋಗಾಣುಗಳನ್ನು ಸೋಸುವುದೂ ಅದರ ಕೆಲಸ. ಆರೋಗ್ಯವಂತರಲ್ಲಿ ಅದು ಸಾಮಾನ್ಯವಾಗಿ ಕೈಗೆ ಸಿಗದು. ಚಳಿಜ್ವರದಿಂದ ಊದಿಕೊಂಡಾಗ ಹಿಂದಿನವರು ಅದನ್ನು ‘ಜ್ವರಗಡ್ಡೆ’ ಎನ್ನುತ್ತಿದ್ದರು. ಅದು ಊದುವುದಕ್ಕೆ ಮತ್ತೊಂದು ಕಾರಣ ಕುಡುಗೋಲು ಕಣ ರೋಗ. ತಂದೆ ತಾಯಿ ಇಬ್ಬರಿಂದಲೂ ಈ ದೋಷವನ್ನು ಪಡೆದು ಹುಟ್ಟಿದ ಮಗುವಿನ ಕೆಂಪು ಕಣಗಳು, ಆಮ್ಲಜನಕ ಕಡಮೆಯಾದಾಗ, ದುಂಡನೆಯ ಆಕಾರ ಬಿಟ್ಟು ಕುಡುಗೋಲಿನಂತೆ ಬಾಗಿ ಬಿರುಸಾಗುವುವು. ಜರಡಿಯ ಕಣ್ಣುಗಳಲ್ಲಿ ಸಿಕ್ಕಿಕೊಳ್ಳುವುವು.

ಒಮ್ಮೊಮ್ಮೆ, ಕೆಲವೇ ಗಂಟೆಗಳಲ್ಲಿ, ಮೈಯ ರಕ್ತದ ದೊಡ್ಡ ಪಾಲು ಗುಲ್ಮದಲ್ಲಿಯೇ ತಡೆದು ನಿಲ್ಲುವುದುಂಟು. ಮಗು ಬಿಳಿಚಿಕೊಳ್ಳುವುದು, ಏದುಸಿರು ಬಿಡುವುದು, ಸೋತು ಮಲಗುವುದು, ಹೊಟ್ಟೆ ಉಬ್ಬುವುದು. 6 ತಿಂಗಳಿನಿಂದ 5 ವರ್ಷದವರೆಗಿನ ಮಕ್ಕಳಲ್ಲಿ ಈ ಅಪಾಯ ಹೆಚ್ಚು. ಕೂಡಲೇ ರಕ್ತ ಕೊಡದಿದ್ದರೆ ಪ್ರಾಣಕ್ಕೇ ಎರವಾಗಬಹುದು.

ಜಮೈಕಾ ದ್ವೀಪದ ವೈದ್ಯರು ಇದಕ್ಕೆ ಸರಳವಾದ ಉಪಾಯವೊಂದನ್ನು ಕಂಡರು: ಗುಲ್ಮವನ್ನು ಮುಟ್ಟಿ ನೋಡುವುದನ್ನು ತಾಯಂದಿರಿಗೇ ಕಲಿಸಿದರು. ಮಗು ಅಳದೆ ಮಲಗಿರುವಾಗ, ಮೆತ್ತಗೆ, ಹೊಕ್ಕುಳಿನ ಬಳಿಯಿಂದ ಎಡ ಪಕ್ಕೆಲುಬಿನತ್ತ ಬೆರಳುಗಳನ್ನು ಸರಿಸಬೇಕು. ನಿನ್ನೆ ಎಷ್ಟಿತ್ತು, ಇಂದು ಎಷ್ಟಿದೆ ಎಂಬುದೇ ಮುಖ್ಯ. ಹಠಾತ್ತನೆ ಬೆಳೆದಿದ್ದರೆ ಆಸ್ಪತ್ರೆಗೆ ಓಡಬೇಕು. ಅಲ್ಲಿ ಈ ಸಂಕಟದಿಂದ ಸಾಯುವ ಮಕ್ಕಳ ಪ್ರಮಾಣ ಸುಮಾರು ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತೆಂದು 1985ರಲ್ಲಿ ವರದಿಯಾಯಿತು.

ಈ ರೋಗ ಕನ್ನಡ ನಾಡಿಗೆ ದೂರದ್ದಲ್ಲ. ನೆರೆಯ ನೀಲಗಿರಿಯ ಗಿರಿಜನರಲ್ಲಿ ಇದರ ದೋಷವಿರುವುದು 1952ರಲ್ಲಿಯೇ ತಿಳಿದುಬಂದಿತ್ತು. ಮೈಸೂರು, ಚಾಮರಾಜನಗರ, ಕೊಡಗುಗಳ ಗಿರಿಜನರಲ್ಲಿಯೂ ಇದು ಉಂಟು. ಕೆಂಗಲ್ಲಿನ ಸುತ್ತಣ ಮಾಗಡಿ, ಕನಕಪುರದ ಬೆಟ್ಟಗಳ ಬದಿಯಲ್ಲಿ ಇರುಳಿಗರು ಬಾಳುತ್ತಿರುವುದರಿಂದ ಈ ಸೀಮೆಯವರೂ ಇದನ್ನು ಅರಿತಿರುವುದು ಲೇಸು. 2047ರೊಳಗೆ ರೋಗವನ್ನು ತೊಡೆದುಹಾಕಬೇಕೆಂದು ಭಾರತ ಸರ್ಕಾರವು 2023ರ ಜುಲೈ 1ರಂದು ರಾಷ್ಟ್ರೀಯ ಯೋಜನೆಯೊಂದನ್ನು ಆರಂಭಿಸಿ, ಬುಡಕಟ್ಟು ಪ್ರದೇಶಗಳಲ್ಲಿ ರಕ್ತಪರೀಕ್ಷೆ ಕೈಗೊಂಡಿದೆ.

ಆಫ್ರಿಕ ಮೂಲದ ರೋಗಿಗಳಲ್ಲಿ ಗುಲ್ಮವು ಬಾಲ್ಯದಲ್ಲಿಯೇ ಕುಗ್ಗಿಹೋಗುವುದು ಸಾಮಾನ್ಯ. ನಮ್ಮ ದೇಶದಲ್ಲಿ ಅನೇಕರಿಗೆ ಅದು ದೊಡ್ಡವರಾದ ಮೇಲೂ ಊದಿಯೇ ಇರುವುದು. ಆದುದರಿಂದ ಹೊಟ್ಟೆಗೆ ಪೆಟ್ಟು ಬೀಳದಂತೆ ನೋಡಿಕೊಳ್ಳಬೇಕು. ಗಾತ್ರ ದೊಡ್ಡದಾಗಿದ್ದರೂ ಅದರ ಸೋಸುವ ಶಕ್ತಿ ಕುಂದಿರುವುದರಿಂದ ಜ್ವರವನ್ನು ಎಂದೂ ಹಗುರವಾಗಿ ಎಣಿಸಬಾರದು. ವೈದ್ಯರು ಹೇಳಿದ ಪೆನಿಸಿಲಿನ್ ಮತ್ತು ಲಸಿಕೆಗಳನ್ನು ತಪ್ಪಿಸಬಾರದು. ಸಂಕಟ ಮತ್ತೆ ಮತ್ತೆ ಮರುಕಳಿಸಿದರೆ ಶಸ್ತ್ರಚಿಕಿತ್ಸೆಯಿಂದ ಗುಲ್ಮವನ್ನು ತೆಗೆಯಬೇಕಾದೀತು.

ಇದು ಕಾಡಿನವರ ರೋಗ, ನಮಗೇಕೆ ಎಂದು ಪಟ್ಟಣದವರು ಸುಮ್ಮನಿರಲಾಗದು. ಒಂದೇ ಕಡೆಯಿಂದ ದೋಷ ಪಡೆದವರು ಆರೋಗ್ಯವಾಗಿಯೇ ಇರುವರು. ಅಂಥ ಇಬ್ಬರು ಮದುವೆಯಾದರೆ ಪ್ರತಿ ಬಸಿರಿನಲ್ಲಿಯೂ ರೋಗದ ಸಂಭವ ನಾಲ್ಕರಲ್ಲಿ ಒಂದು. ಮನೆತನದಲ್ಲಿ ಈ ರೋಗ ಕಂಡಿದ್ದು, ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತರುವ ಮಾತು ನಡೆದಿದ್ದರೆ, ಜಾತಕದೊಡನೆ ರಕ್ತಪರೀಕ್ಷೆಯೂ ನಡೆಯಲಿ.

ಮಗುವಿಗೆ ರೋಗವಿದೆಯೆಂದು ತಿಳಿದ ಮನೆಯಲ್ಲಿ ತಾಯಿಯೊಬ್ಬಳೇ ಅಲ್ಲ. ಅಜ್ಜಿ, ತಂದೆ, ಅಕ್ಕ ಎಲ್ಲರೂ ವೈದ್ಯರಿಂದ ಈ ಪರೀಕ್ಷೆಯನ್ನು ಕಲಿತಿರಬೇಕು. ಸಂಕಟದ ವೇಳೆ ಮಗುವಿನ ಬಳಿ ಯಾರಿರುವರೋ ಹೇಳಬಲ್ಲವರಾರು?