ಈಗ ಬೀಡಿ ಬಿಟ್ಟರೇನು ಫಲ?

“ರೋಗ ಬಂದಾಯಿತು, ಇನ್ನು ಬೀಡಿ ಬಿಟ್ಟು ಏನು ಫಲ?” ಎನ್ನುವ ಗಂಡಸರಿದ್ದಾರೆ. ಫಲವಿದೆ ಸಹೋದರಿಯರೇ.

ಶ್ವಾಸಕೋಶದ ಕ್ಯಾನ್ಸರ್ ಆರಂಭದಲ್ಲೇ ಪತ್ತೆಯಾದಾಗ ವೈದ್ಯರು ನೋಡುವುದು ಇಷ್ಟು: ಗಡ್ಡೆ ಎಷ್ಟು ದೊಡ್ಡದು? ದುಗ್ಧಗ್ರಂಥಿಗಳಿಗೆ ಹರಡಿದೆಯೇ? ಶಸ್ತ್ರಚಿಕಿತ್ಸೆಯಲ್ಲಿ ಪೂರ್ತಿ ತೆಗೆಯಬಹುದೇ? ಅದನ್ನು ತಾಳುವ ಶಕ್ತಿ ರೋಗಿಗಿದೆಯೇ? ಗಡ್ಡೆ 4 ಸೆಂ.ಮೀ. ಮೀರದೆ, ಗ್ರಂಥಿಗಳಿಗೂ ಬೇರೆಡೆಗೂ ಹರಡದಿದ್ದರೆ ಅದು ಮೊದಲ ಹಂತ. ಗುಣವಾಗುವ ಭರವಸೆ ಆಗಲೇ ಹೆಚ್ಚು. ರೋಗ ತಿಳಿದ ಮೇಲಾದರೂ ಬೀಡಿ ಬಿಟ್ಟವರು, ಬಿಡದವರಿಗಿಂತ ಹೆಚ್ಚು ಕಾಲ ಬದುಕುವ ಸಾಧ್ಯತೆಯಿದೆ.

ಬೀಡಿ ಮುಟ್ಟದ ಹೆಂಗಸರಿಗೂ ಈ ರೋಗ ಬರುವುದುಂಟು. ಮೂರು ವಾರ ದಾಟಿದ ಕೆಮ್ಮನ್ನು, ಕಫದಲ್ಲಿನ ರಕ್ತವನ್ನು ದೊಡ್ಡಬಳ್ಳಾಪುರದ ಮಗ್ಗದ ಧೂಳಿನದೆಂದೋ ಕ್ಷಯವೆಂದೋ ನೀವೇ ತೀರ್ಮಾನಿಸಬೇಡಿ. ಮೊದಲು ಹತ್ತಿರದ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿ. ಸಂಶಯವಿದ್ದರೆ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ದೂರವಲ್ಲ.